ಬಾಯಿ ಬಿಡದ ಮನೆತನದ ವಾರಸುದಾರಳ ಜೀವನಚರಿತ್ರೆಯನ್ನು ಬರೆಯುವ ಕ್ರಮ

ಸಿರಿವಂತ ಮನೆತನವೊಂದರ ಮಗಳ ಜೀವನಚರಿತ್ರೆಯನ್ನು ಬರೆಯಲು ಹೊರಟವರಿಗೆ ಆರಂಭದಲ್ಲಿ ಸುಲಭವಾಗಿ ಸಿಗುವುದು ಎರಡು ಬಗೆಯ ಬರಹ. ಆಕೆಯ ಒಡವೆ, ಮದುವೆ, ಬಂಗಲೆಗಳನ್ನು ಎಣಿಸುವ ಪತ್ರಿಕಾ ವರದಿಗಳು ಒಂದು ಬಗೆ. ಕುಟುಂಬದ ಕಚೇರಿಯವರೇ ಬರೆಸಿ ಹಂಚಿದ ನಾಲ್ಕು ಸಾಲಿನ ಪರಿಚಯ ಇನ್ನೊಂದು ಬಗೆ. ಆಕೆ ತಾನಾಗಿ ಏನನ್ನು ನಿರ್ಧರಿಸಿದಳು, ಯಾವುದಕ್ಕೆ ಒಪ್ಪಲಿಲ್ಲ, ಯಾರ ಅಪ್ಪಣೆಗೆ ಕಾಯಬೇಕಾಯಿತು ಎಂಬುದು ಇವೆರಡರಲ್ಲೂ ಇರುವುದಿಲ್ಲ. ತಲೆಮಾರುಗಳಿಂದ ಗುಟ್ಟು ಕಾಯುತ್ತಾ ಬಂದ ಮನೆತನದಲ್ಲಿ ಹುಟ್ಟಿದ ಹೆಣ್ಣಿನ ಪರವಾಗಿ ಮಾತಾಡುವವರು ಬಹುಮಟ್ಟಿಗೆ ಬೇರೆಯವರೇ: ತಂದೆ, ಗಂಡ, ವಕೀಲ, ವರದಿಗಾರ, ಕೊನೆಗೆ ನ್ಯಾಯಾಧೀಶ. ಇಷ್ಟು ದನಿಗಳ ನಡುವಿನಿಂದ ಆಕೆಯ ಸ್ವಂತ ನಿರ್ಧಾರಗಳನ್ನು ಹುಡುಕಿ ತೆಗೆಯುವುದೇ ಚರಿತ್ರೆ ಬರೆಯುವವರ ಕೆಲಸ. ಆಸ್ತಿಯ ಕಾಗದಗಳಿಂದ ಆರಂಭಿಸಿ, ನ್ಯಾಯಾಲಯದ ಕಡತಗಳನ್ನು ಹಾದು, ಆಕೆಯ ಕೈಬರಹಕ್ಕೆ ಬಂದು, ಸ್ವಭಾವದ ಮಾತನ್ನು ಎಲ್ಲಕ್ಕಿಂತ ಕೊನೆಗೆ ಎತ್ತಿಕೊಳ್ಳುವುದು ನಾನು ಸೂಚಿಸುವ ಕ್ರಮ. ಹೆಚ್ಚಿನ ಬರಹಗಳು ಇದನ್ನು ತಲೆಕೆಳಗು ಮಾಡಿ, ಆಕೆ ವಿಚಿತ್ರ ಹೆಂಗಸು ಎಂದು ಮೊದಲ ಪುಟದಲ್ಲೇ ಸಾರಿಬಿಟ್ಟು, ಮುಂದಿನದನ್ನೆಲ್ಲ ಆ ಮಾತಿಗೆ ಹೊಂದಿಸುತ್ತವೆ.

ಹಣ ಆಕೆಯ ಕೈ ಸೇರಿದ ದಾರಿ

ವಂಶವೃಕ್ಷವನ್ನು ಬರೆದುಕೊಂಡು, ಪ್ರತಿ ಹೆಸರಿನ ಪಕ್ಕದಲ್ಲಿ ಆ ವ್ಯಕ್ತಿ ತೀರಿಕೊಂಡ ದಿನಾಂಕ, ಆಸ್ತಿ ಯಾವ ರೂಪದಲ್ಲಿ ಯಾರಿಗೆ ಹೋಯಿತು ಎಂಬ ವಿವರ, ಮತ್ತು ಆ ದಿನ ನಿಮ್ಮ ವಾರಸುದಾರಳ ವಯಸ್ಸು ಇವಿಷ್ಟನ್ನು ತುಂಬಿಸಿ. ಇವುಗಳಲ್ಲಿ ವಯಸ್ಸು ಬಹಳ ಹೇಳುತ್ತದೆ. ಅಮೆರಿಕದ ತಂಬಾಕು ಉದ್ಯಮಿ ಜೇಮ್ಸ್ ಬುಕನನ್ ಡ್ಯೂಕ್ 1925ರಲ್ಲಿ ತೀರಿಕೊಂಡಾಗ ಮಗಳು ಡೋರಿಸ್‌ಗೆ ಇನ್ನೂ 12 ವರ್ಷ; ಆ ಪ್ರಾಯದಲ್ಲಿ ಬಂದ ಐಶ್ವರ್ಯವೆಂದರೆ ಆಕೆಯ ಹೆಸರಿನಲ್ಲಿ ಹಿರಿಯರು ನಡೆಸುವ ಆಡಳಿತ ಎಂದೇ ಅರ್ಥ. ಜರ್ಮನಿಯ ಉದ್ಯಮಿ ಹರ್ಬರ್ಟ್ ಕ್ವಾಂಟ್ 1982ರಲ್ಲಿ ತೀರಿಕೊಂಡಾಗ ಮಗಳು ಸುಸಾನೆ 20 ವರ್ಷದವರಾಗಿದ್ದರು, ಆದರೆ ಬಿಎಂಡಬ್ಲ್ಯು ಕಂಪನಿಯ ಮೇಲ್ವಿಚಾರಣಾ ಮಂಡಳಿಗೆ ಅವರು ಮತ್ತು ಅವರ ತಮ್ಮ ಸೇರಿದ್ದು 1997ರಲ್ಲಿ. ಅಲ್ಲಿಯವರೆಗೆ ಆ ಮಂಡಳಿಯಲ್ಲಿದ್ದವರು ತಾಯಿ ಯೋಹಾನಾ ಕ್ವಾಂಟ್. ಷೇರು ಒಬ್ಬರ ಹೆಸರಿನಲ್ಲಿದ್ದು ಕುರ್ಚಿ ಇನ್ನೊಬ್ಬರದಾಗಿದ್ದ ಇಂಥ ವರ್ಷಗಳಲ್ಲಿ ಮಗಳು ಏನು ಕಲಿತಳು, ಎಲ್ಲಿ ದುಡಿದಳು, ಯಾರ ಮಾತು ಕೇಳಿದಳು ಎಂಬುದಕ್ಕೆ ಒಂದು ಇಡೀ ಅಧ್ಯಾಯವನ್ನು ಮೀಸಲಿಡಬಹುದು.

ಆಸ್ತಿ ಬಂದ ರೂಪವನ್ನು ಅರಿಯದೆ ಮುಂದೆ ಹೋಗಬಾರದು. ಟ್ರಸ್ಟ್ ಇದ್ದರೆ ಕಾನೂನಿನ ಪ್ರಕಾರ ಒಡೆತನ ಟ್ರಸ್ಟಿಗಳದ್ದು, ಅದರ ಪ್ರಯೋಜನ ಫಲಾನುಭವಿಯದ್ದು. ಹಲವು ಟ್ರಸ್ಟ್‌ಗಳು ವರ್ಷದ ಆದಾಯವನ್ನು ಮಾತ್ರ ಕೊಡುತ್ತವೆ, ಮೂಲಧನವನ್ನು ಮುಟ್ಟಲು ಬಿಡುವುದಿಲ್ಲ. ಕೆಲವು ಇಂತಿಷ್ಟು ವಯಸ್ಸಿಗೆ ಇಂತಿಷ್ಟು ಪಾಲು ಎಂದು ಕಂತು ಕಟ್ಟುತ್ತವೆ. ಷೇರುಗಳು ನೇರವಾಗಿ ಆಕೆಯ ಹೆಸರಿನಲ್ಲಿದ್ದರೂ ಮಾರುವ ಮೊದಲು ಒಡಹುಟ್ಟಿದವರಿಗೆ ಕೊಳ್ಳುವ ಅವಕಾಶ ಕೊಡಬೇಕು, ಮತವನ್ನು ಕುಟುಂಬದವರೆಲ್ಲ ಒಟ್ಟಾಗಿಯೇ ಚಲಾಯಿಸಬೇಕು ಎಂಬ ಕರಾರುಗಳು ಇಂಥ ಮನೆತನಗಳಲ್ಲಿ ಸಾಮಾನ್ಯ. ಹೀಗಾಗಿ ಸಿರಿವಂತರ ಪಟ್ಟಿಯಲ್ಲಿ ಆಕೆಯ ಹೆಸರಿನ ಮುಂದೆ ಕಾಣುವ ಸಂಖ್ಯೆಯನ್ನು ಹಣವೆಂದು ತಿಳಿಯಬೇಡಿ. ಷೇರಿನ ಪೇಟೆಬೆಲೆಯನ್ನು ಷೇರುಗಳ ಸಂಖ್ಯೆಯಿಂದ ಗುಣಿಸಿದಾಗ ಬರುವ ಆ ಮೊತ್ತದಲ್ಲಿ ಎಷ್ಟನ್ನು ಆಕೆ ಯಾರನ್ನೂ ಕೇಳದೆ ಖರ್ಚು ಮಾಡಬಲ್ಲಳು ಎಂಬುದು ಬೇರೆಯೇ ಪ್ರಶ್ನೆ, ಮತ್ತು ಚರಿತ್ರೆಗೆ ಬೇಕಾದದ್ದು ಆ ಎರಡನೆಯ ಪ್ರಶ್ನೆಯ ಉತ್ತರ.

ಆಕೆ ಸಹಿ ಹಾಕಿದ ದೊಡ್ಡ ವ್ಯವಹಾರ ಯಾವುದಾದರೂ ಇದೆಯೇ ಎಂದೂ ಹುಡುಕಿ. ಸೌಂದರ್ಯವರ್ಧಕಗಳ ಲೋರಿಯಾಲ್ ಕಂಪನಿಯನ್ನು 1909ರಲ್ಲಿ ಸ್ಥಾಪಿಸಿದ ಯುಜೆನ್ ಶ್ಯೂಲರ್ ಅವರ ಒಬ್ಬಳೇ ಮಗಳು ಲಿಲಿಯಾನ್ ಬೆತಾಂಕೂರ್ ಅವರನ್ನು ಜಗತ್ತು ನೆನೆಯುವುದು ಮುಪ್ಪಿನ ದಿನಗಳ ಹಗರಣದಿಂದ. ಆದರೆ ಐದನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡ ಅವರು 15ನೆಯ ವಯಸ್ಸಿನಲ್ಲಿ ತಂದೆಯ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ನಿಂತಿದ್ದರು. 1957ರಲ್ಲಿ ತಂದೆಯ ಪಾಲನ್ನು ಪಡೆದರು. ಫ್ರಾನ್ಸಿನಲ್ಲಿ ರಾಷ್ಟ್ರೀಕರಣದ ಭಯ ಹಬ್ಬಿದ್ದ 1974ರಲ್ಲಿ ತಮ್ಮ ಷೇರುಗಳ ದೊಡ್ಡ ಭಾಗವನ್ನು ನೆಸ್ಲೆ ಕಂಪನಿಗೆ ಕೊಟ್ಟು ಬದಲಿಗೆ ನೆಸ್ಲೆಯ ಷೇರುಗಳನ್ನು ಪಡೆದರು. ಮುಂದಿನ ದಶಕಗಳಲ್ಲಿ ಆ ಕುಟುಂಬದ ಸ್ಥಾನವನ್ನು ನಿರ್ಧರಿಸಿದ ಹೆಜ್ಜೆ ಅದು. ಅವರ ಬದುಕನ್ನು ಬರೆಯುವವರು 2010ರ ಆ ಹಗರಣಕ್ಕೆ ಕೊಟ್ಟಷ್ಟೇ ಪುಟಗಳನ್ನು 1974ಕ್ಕೂ ಕೊಡಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಕಾಗದಗಳು ಎಲ್ಲಿ ಸಿಗುತ್ತವೆ

ಎಷ್ಟೇ ಗುಟ್ಟಿನ ಕುಟುಂಬವಾದರೂ ಕಾನೂನು ಕೇಳಿದಾಗ ಕೆಲವನ್ನು ಬರೆದುಕೊಡಲೇಬೇಕಾಗುತ್ತದೆ. ಅಮೆರಿಕ ಮತ್ತು ಇಂಗ್ಲೆಂಡಿನಲ್ಲಿ ನ್ಯಾಯಾಲಯದ ಮುಂದೆ ಸಿಂಧುವಾದ ಉಯಿಲು ಸಾರ್ವಜನಿಕ ದಾಖಲೆ. ಯಾರು ಬೇಕಾದರೂ ಪ್ರತಿ ಪಡೆಯಬಹುದು. ಟ್ರಸ್ಟ್ ಪತ್ರ ಹಾಗಲ್ಲ, ಮತ್ತು ಹಣವಂತರು ಟ್ರಸ್ಟ್‌ಗಳನ್ನು ಇಷ್ಟಪಡುವ ಕಾರಣಗಳಲ್ಲಿ ಇದೂ ಒಂದು. ಉಯಿಲು ಎರಡೇ ಪುಟದ್ದಾಗಿದ್ದು ಎಲ್ಲವನ್ನೂ ಒಂದು ಟ್ರಸ್ಟ್‌ಗೆ ಸೇರಿಸಿದ್ದರೆ, ನಿಜವಾದ ಹಂಚಿಕೆ ಬೇರೆಡೆ ಆಗಿದೆಯೆಂದು ತಿಳಿದು ಆ ಟ್ರಸ್ಟ್‌ನ ಹೆಸರನ್ನು ಭೂದಾಖಲೆ, ಕಂಪನಿ ದಾಖಲೆ, ದಾವೆಗಳ ಸೂಚಿಗಳಲ್ಲಿ ಬೆನ್ನಟ್ಟಬೇಕು.

ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯ ಪಾಲು ಇಂತಿಷ್ಟು ಮಿತಿಯನ್ನು ದಾಟಿದರೆ ಘೋಷಿಸುವುದು ಕಡ್ಡಾಯ. ಆ ಮಿತಿ ಜರ್ಮನಿಯಲ್ಲಿ ಮತಾಧಿಕಾರದ ಶೇ. 3, ಅಮೆರಿಕದಲ್ಲಿ ಶೇ. 5. ಬ್ರಿಟನ್ 2016ರಿಂದ ಕಂಪನಿಯ ಶೇ. 25ಕ್ಕಿಂತ ಹೆಚ್ಚಿನ ಹಿಡಿತವುಳ್ಳವರ ಹೆಸರನ್ನು ತೆರೆದ ನೋಂದಣಿಯಲ್ಲಿ ಇಟ್ಟಿದೆ. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ಅಂಥ ನೋಂದಣಿಗಳು ಎಲ್ಲರಿಗೂ ತೆರೆದಿದ್ದವು, ಆದರೆ ಖಾಸಗಿತನದ ಹಕ್ಕಿಗೆ ಇದು ಧಕ್ಕೆ ಎಂದು ಒಕ್ಕೂಟದ ನ್ಯಾಯಾಲಯ 2022ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟ ಮೇಲೆ ಹಲವು ದೇಶಗಳು ಬಾಗಿಲು ಹಾಕಿಕೊಂಡವು. ಪೇಟೆಗೆ ಇಳಿಯದೆ ಪೂರ್ತಿ ಕುಟುಂಬದ ಕೈಯಲ್ಲೇ ಉಳಿದ ಕಂಪನಿಯಾದರೆ ಈ ದಾರಿಯಲ್ಲಿ ಸಿಗುವುದು ಬಹಳ ಕಡಿಮೆ. ಆಗ ದಾನದ ಕಡೆಗೆ ತಿರುಗಿ: ಅಮೆರಿಕದ ಖಾಸಗಿ ದತ್ತಿ ಪ್ರತಿಷ್ಠಾನಗಳು ವರ್ಷಕ್ಕೊಮ್ಮೆ ಸಲ್ಲಿಸುವ 990-ಪಿಎಫ್ ಎಂಬ ನಮೂನೆಯಲ್ಲಿ ಯಾರಿಗೆ ಎಷ್ಟು ಕೊಟ್ಟರು, ಟ್ರಸ್ಟಿಗಳು ಯಾರು ಎಂಬುದೆಲ್ಲ ಇರುತ್ತದೆ ಮತ್ತು ಅದನ್ನು ಯಾರು ಬೇಕಾದರೂ ಓದಬಹುದು. ಹತ್ತಾರು ವರ್ಷಗಳ ನಮೂನೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಟ್ರಸ್ಟಿಗಳ ಪಟ್ಟಿಯಿಂದ ಮಾಯವಾದ ಅತ್ತಿಗೆ, ಇದ್ದಕ್ಕಿದ್ದಂತೆ ನಿಂತುಹೋದ ಒಂದು ಆಸ್ಪತ್ರೆಯ ದೇಣಿಗೆ, ಹೊಸದಾಗಿ ಬಂದ ವಕೀಲನ ಹೆಸರು ಇವೆಲ್ಲ ಕುಟುಂಬದೊಳಗಿನ ಬದಲಾವಣೆಗಳತ್ತ ಬೆರಳು ತೋರುತ್ತವೆ. ಬೆರಳು ತೋರುತ್ತವೆ ಎಂದಷ್ಟೇ ತಿಳಿಯಿರಿ. ಇನ್ನೊಂದು ಆಧಾರ ಸಿಗುವವರೆಗೆ ಕಾರಣವನ್ನು ಬರೆಯಬೇಡಿ.

ಬಾಲ್ಯಕ್ಕೆ ಜನಗಣತಿಯ ಹಾಳೆಗಳು, ಹಡಗಿನ ಪ್ರಯಾಣಿಕರ ಪಟ್ಟಿಗಳು ನೆರವಾಗುತ್ತವೆ. ಅಮೆರಿಕ ಜನಗಣತಿಯ ಮೂಲ ಹಾಳೆಗಳನ್ನು 72 ವರ್ಷಗಳ ನಂತರ ಬಿಡುಗಡೆ ಮಾಡುತ್ತದೆ, ಹೀಗೆ 1950ರ ಗಣತಿ 2022ರಲ್ಲಿ ಹೊರಬಂತು. ಮನೆಯಲ್ಲಿ ಎಷ್ಟು ಮಂದಿ ಕೆಲಸದವರಿದ್ದರು, ಮಗುವಿನ ಆಯಾ ಯಾವ ದೇಶದವಳು ಎಂಬ ವಿವರಗಳು ಅಲ್ಲಿ ಸಿಗುತ್ತವೆ.

ನ್ಯಾಯಾಲಯದ ಕಡತ

ಗುಟ್ಟು ಕಾಯುವ ಕುಟುಂಬದ ಒಳಮನೆ ಹೊರಗಿನವರಿಗೆ ಕಾಣುವುದು ಅವರೊಳಗೇ ಜಗಳ ಹುಟ್ಟಿದಾಗ. ದಾವೆ ಹೂಡಿದ ಮೇಲೆ ಪ್ರಮಾಣಪತ್ರ, ಸಾಕ್ಷಿಹೇಳಿಕೆ, ವೈದ್ಯರ ವರದಿ, ಬ್ಯಾಂಕಿನ ಲೆಕ್ಕ ಎಲ್ಲವೂ ಮೇಜಿಗೆ ಬರುತ್ತವೆ. ಇದಕ್ಕಿಂತ ಸಮೃದ್ಧವಾದ ಆಕರ ಇನ್ನೊಂದಿಲ್ಲ, ಇದಕ್ಕಿಂತ ಎಚ್ಚರ ಬೇಡುವ ಆಕರವೂ ಇನ್ನೊಂದಿಲ್ಲ.

ಹ್ಯೂಗೆಟ್ ಕ್ಲಾರ್ಕ್ ಅವರ ಪ್ರಕರಣವನ್ನು ಪಾಠದಂತೆ ಓದಬೇಕು. ತಾಮ್ರದ ಗಣಿಗಳಿಂದ ಸಿರಿವಂತರಾಗಿ ಮೊಂಟಾನಾದಿಂದ ಅಮೆರಿಕದ ಸೆನೆಟ್ ಸೇರಿದ್ದ ವಿಲಿಯಂ ಆಂಡ್ರ್ಯೂಸ್ ಕ್ಲಾರ್ಕ್ ಅವರ ಕಿರಿಯ ಮಗಳಾದ ಅವರು 1906ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿ, 2011ರಲ್ಲಿ 104ನೆಯ ವಯಸ್ಸಿನಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಕಡಲಿಗೆ ಮುಖಮಾಡಿದ ಮಹಲು, ಕನೆಕ್ಟಿಕಟ್ಟಿನಲ್ಲಿ ಕೊಂಡೂ ವಾಸಿಸದ ಮನೆ, ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ವಿಶಾಲವಾದ ಫ್ಲಾಟುಗಳು ಇದ್ದರೂ, 1991ರಲ್ಲಿ ಚಿಕಿತ್ಸೆಗೆಂದು ಆಸ್ಪತ್ರೆ ಸೇರಿದವರು ಗುಣವಾದ ಮೇಲೂ ಮನೆಗೆ ಮರಳದೆ ಸುಮಾರು 20 ವರ್ಷ ಆಸ್ಪತ್ರೆಯ ಕೋಣೆಗಳಲ್ಲೇ ಇದ್ದರು. 2005ರಲ್ಲಿ ಕೆಲವೇ ವಾರಗಳ ಅಂತರದಲ್ಲಿ ಎರಡು ಉಯಿಲುಗಳಿಗೆ ಸಹಿ ಹಾಕಿದರು: ಮೊದಲನೆಯದರ ಪ್ರಕಾರ ಆಸ್ತಿಯ ಬಹುಪಾಲು ದೂರದ ನೆಂಟರಿಗೆ ಹೋಗುತ್ತಿತ್ತು, ಎರಡನೆಯದು ಅವರನ್ನು ಪೂರ್ತಿ ಹೊರಗಿಟ್ಟು ದಾದಿ, ಒಂದು ಕಲಾ ಪ್ರತಿಷ್ಠಾನ ಮುಂತಾದವರಿಗೆ ಕೊಟ್ಟಿತು. ಸುಮಾರು 30 ಕೋಟಿ ಡಾಲರಿನ ಆಸ್ತಿಯ ಮೇಲೆ ನಡೆದ ವ್ಯಾಜ್ಯ 2013ರಲ್ಲಿ ರಾಜಿಯಲ್ಲಿ ಮುಗಿಯಿತು.

ಇಲ್ಲಿ ನೆಂಟರ ವಕೀಲರು ಅವರನ್ನು ಮೋಸಹೋದ ಮುದುಕಿಯೆಂದೂ, ಎದುರಿನವರು ತನ್ನ ಇಷ್ಟದಂತೆ ಬದುಕಿದ ಗಟ್ಟಿ ಹೆಂಗಸೆಂದೂ ಚಿತ್ರಿಸಿದರು. ಎರಡೂ ಚಿತ್ರಗಳು ಗೆಲ್ಲುವ ಉದ್ದೇಶದಿಂದ ಬರೆದವು. ಆದ್ದರಿಂದ ಪ್ರತಿ ಹೇಳಿಕೆಯ ಅಂಚಿನಲ್ಲಿ, ಇದನ್ನು ಹೇಳಿದವರಿಗೆ ಈ ಮಾತು ಸಾಬೀತಾದರೆ ಎಷ್ಟು ಸಿಗುತ್ತಿತ್ತು ಎಂದು ಬರೆದಿಟ್ಟುಕೊಳ್ಳಿ. ಪಾಟೀಸವಾಲಿನಲ್ಲಿ ಉಳಿದುಬಂದ ಮಾತಿಗೆ ಹೆಚ್ಚು ಬೆಲೆ ಕೊಡಿ. ದಾವೆ ರಾಜಿಯಲ್ಲಿ ಮುಗಿದಿದ್ದರೆ ಯಾವ ಸಂಗತಿಯನ್ನೂ ನ್ಯಾಯಾಲಯ ತೀರ್ಮಾನಿಸಿಲ್ಲ ಎಂಬುದನ್ನು ಓದುಗರಿಗೆ ಸ್ಪಷ್ಟವಾಗಿ ತಿಳಿಸಿ. ರಾಜಿಯನ್ನು ತಪ್ಪೊಪ್ಪಿಗೆಯಂತೆ ಬರೆಯುವುದು ಈ ಪ್ರಕಾರದ ಬರಹದಲ್ಲಿ ಪದೇಪದೇ ಕಾಣುವ ಅನ್ಯಾಯ.

ಬೆತಾಂಕೂರ್ ಪ್ರಕರಣದಲ್ಲಿ ತಾಯಿ ಲಿಲಿಯಾನ್ ಅವರ ಹಣವನ್ನು ಛಾಯಾಗ್ರಾಹಕರೊಬ್ಬರು ದುರುಪಯೋಗ ಮಾಡಿಕೊಳ್ಳುತ್ತಿದ್ದಾರೆಂದು ಮಗಳು 2007ರಲ್ಲಿ ದೂರು ಕೊಟ್ಟರು. ಮನೆಯ ಪರಿಚಾರಕರೊಬ್ಬರು ಗುಟ್ಟಾಗಿ ಧ್ವನಿಮುದ್ರಿಸಿದ ಸಂಭಾಷಣೆಗಳು 2010ರಲ್ಲಿ ಹೊರಬಂದು ಫ್ರಾನ್ಸಿನ ರಾಜಕೀಯವನ್ನೇ ಅಲುಗಿಸಿದವು. 2011ರಲ್ಲಿ ನ್ಯಾಯಾಲಯ ತಾಯಿಯನ್ನು ಕುಟುಂಬದ ಪಾಲನೆಗೆ ಒಪ್ಪಿಸಿತು. 2015ರಲ್ಲಿ ಆ ಛಾಯಾಗ್ರಾಹಕರಿಗೆ ಶಿಕ್ಷೆಯಾಯಿತು. ಕದ್ದು ಮುದ್ರಿಸಿದ ಮಾತನ್ನು ಬಳಸಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ ಇದು: ತೀರ್ಪಿನಲ್ಲಿ ಉಲ್ಲೇಖವಾದಷ್ಟನ್ನು, ಹಣ ಮತ್ತು ಅಧಿಕಾರಕ್ಕೆ ಸಂಬಂಧಿಸಿದಷ್ಟನ್ನು ಬಳಸಿ, ಮರೆವು ಆವರಿಸುತ್ತಿದ್ದ ವೃದ್ಧೆಯ ತಡವರಿಕೆಗಳನ್ನು ಬಿಟ್ಟುಬಿಡಿ.

ಇನ್ನೂ ಒಂದು ಅಪಾಯವಿದೆ. ಇಂಥ ವ್ಯಾಜ್ಯಗಳು ಹೆಚ್ಚಾಗಿ ಆಕೆಯ ಬದುಕಿನ ಕೊನೆಯಲ್ಲಿ ಅಥವಾ ಸಾವಿನ ನಂತರ ಏಳುವುದರಿಂದ ಕಡತದ ತುಂಬ ಕಾಣುವುದು ಮುಪ್ಪು, ಕಾಯಿಲೆ, ಒಂಟಿತನ. ಆ ಹತ್ತು ವರ್ಷಗಳ ಕಾಗದ ರಾಶಿಯಾಗಿ ಬಿದ್ದಿದೆ ಎಂಬ ಕಾರಣಕ್ಕೆ ಹಿಂದಿನ ಎಪ್ಪತ್ತು ವರ್ಷಗಳನ್ನು ಅದರ ಬೆಳಕಿನಲ್ಲೇ ಓದಿದರೆ, ಬಾಲ್ಯದ ನಾಚಿಕೆಯೂ ಮುಂದಿನ ಏಕಾಂತದ ಮುನ್ಸೂಚನೆಯಂತೆ ಕಾಣತೊಡಗುತ್ತದೆ.

ಆಕೆಯ ಕೈಬರಹ

ಈ ಅಪಾಯವನ್ನು ತಡೆಯುವುದು ಆಕೆ ತಾನೇ ಬರೆದ, ತರಿಸಿದ, ಮಾಡಿದ ವಸ್ತುಗಳು. ಪತ್ರಗಳು ಸಿಗದಿದ್ದರೆ ಖರೀದಿಯ ಆದೇಶಗಳು, ಚೆಕ್ಕಿನ ಅಡಿಪಟ್ಟಿಗಳು, ತೋಟಗಾರನಿಗೆ ಕೊಟ್ಟ ಸೂಚನೆಗಳೂ ಪತ್ರಗಳೇ. ಹ್ಯೂಗೆಟ್ ಕ್ಲಾರ್ಕ್ ಅವರ ಗೊಂಬೆಗಳ ಸಂಗ್ರಹವನ್ನು ಪತ್ರಿಕೆಗಳು ಬುದ್ಧಿ ಬೆಳೆಯದ ಹೆಂಗಸಿನ ಹುಚ್ಚಿನಂತೆ ಬರೆದವು. ಆದರೆ ಅವರು ಪೋಲೆಂಡ್ ಮೂಲದ ತದೇಉಷ್ ಸ್ಟೈಕಾ ಎಂಬ ಚಿತ್ರಕಾರರ ಬಳಿ ಕಲಿತ ಕಲಾವಿದೆ; ಅವರ ವರ್ಣಚಿತ್ರಗಳನ್ನು 1929ರಲ್ಲಿ ವಾಷಿಂಗ್ಟನ್ನಿನ ಕಾರ್ಕೊರನ್ ಕಲಾ ಗ್ಯಾಲರಿ ಪ್ರದರ್ಶಿಸಿತ್ತು. ಜಪಾನಿನ ಕೋಟೆ, ಮನೆಗಳ ಪುಟ್ಟ ಮಾದರಿಗಳನ್ನು ಅಲ್ಲಿನ ಕುಶಲಕರ್ಮಿಗಳಿಂದ ಮಾಡಿಸುವಾಗ ಅಳತೆ, ವಿವರಗಳ ಬಗ್ಗೆ ಅವರು ತೋರಿದ ಬಿಗಿಯನ್ನು ಇದರೊಡನೆ ಇಟ್ಟು ಓದಿದರೆ, ದೂರದಿಂದಲೇ ಒಂದು ಕಲಾಕಾರ್ಯವನ್ನು ನಡೆಸುತ್ತಿದ್ದ ಮನಸ್ಸೊಂದು ಕಾಣುತ್ತದೆ. ಅದನ್ನು ಕಂಡ ಮೇಲೂ ಅವರು ಏಕಾಂಗಿಯಾಗಿದ್ದರು ಎಂದು ಬರೆಯಬಹುದು. ಬರೆಯುವ ಧಾಟಿ ಮಾತ್ರ ಬದಲಾಗಿರುತ್ತದೆ.

ಡೋರಿಸ್ ಡ್ಯೂಕ್ ಅವರ ವಿಷಯದಲ್ಲಿ ಸಂಶೋಧಕರು ಅದೃಷ್ಟವಂತರು. ಅವರ ಕಾಗದಪತ್ರಗಳು ಡ್ಯೂಕ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ, ಹೊನೊಲುಲುವಿನಲ್ಲಿ ಇಸ್ಲಾಮಿ ಕಲೆಗೆಂದು ಕಟ್ಟಿಸಿದ ಶಾಂಗ್ರಿ-ಲಾ ಎಂಬ ಮನೆ ಈಗ ವಸ್ತುಸಂಗ್ರಹಾಲಯ. ಇಂಥ ಸಂಗ್ರಹಕ್ಕೆ ಹೋಗುವ ಮೊದಲು ಅದರ ಸೂಚಿಯನ್ನು ಪೂರ್ತಿ ಓದಿ, ಯಾವ ಪೆಟ್ಟಿಗೆಗಳು ಮುಚ್ಚಿವೆ, ಯಾವ ವರ್ಷಗಳ ಪತ್ರಗಳು ತೆಳುವಾಗಿವೆ ಎಂದು ಗುರುತುಮಾಡಿಕೊಳ್ಳಿ. ಕುಟುಂಬ ಒಪ್ಪಿಸಿದ ಸಂಗ್ರಹವೆಂದರೆ ಕುಟುಂಬ ಆರಿಸಿದ ಸಂಗ್ರಹ.

ಗುಟ್ಟಿನ ಕಾರಣಗಳು

ಮನೆತನದ ಮೌನವನ್ನು ಒಂದೇ ವಸ್ತುವಿನಂತೆ ಕಾಣುವುದು ತಪ್ಪು. ಜೀವಭಯದ ಮೌನ, ತೆರಿಗೆಯ ಮೌನ, ವ್ಯಾಪಾರದ ಹಿಡಿತ ಉಳಿಸಿಕೊಳ್ಳುವ ಮೌನ, ಹಿಂದಿನವರ ಪಾಪವನ್ನು ಮುಚ್ಚುವ ಮೌನ ಇವುಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು, ಏಕೆಂದರೆ ಮೊದಲನೆಯದನ್ನು ಗೌರವಿಸಬೇಕಾದ ಲೇಖಕರೇ ಕೊನೆಯದನ್ನು ಮುರಿಯಬೇಕಾಗುತ್ತದೆ. ಕ್ವಾಂಟ್ ಮನೆತನದಲ್ಲಿ ಇವೆರಡೂ ಒಟ್ಟಿಗೆ ಕಾಣುತ್ತವೆ. ಹರ್ಬರ್ಟ್ ಅವರ ಮಗಳು ಸುಸಾನೆ ಕ್ಲಾಟನ್ ತರುಣಿಯಾಗಿದ್ದಾಗ ಬಿಎಂಡಬ್ಲ್ಯುನಲ್ಲಿ ಕೆಲಸ ಕಲಿಯಲು ಸೇರಿದ್ದು ಸುಸಾನೆ ಕಾಂಟ್ ಎಂಬ ಬೇರೆ ಹೆಸರಿನಲ್ಲಿ, ಮುಂದೆ ಮದುವೆಯಾದವರ ಪರಿಚಯವಾದದ್ದೂ ಅಲ್ಲೇ. ಮುಂದೊಂದು ದಿನ ಸ್ನೇಹ ಬೆಳೆಸಿದ ಒಬ್ಬ ವಂಚಕ ಗುಟ್ಟಿನ ಚಿತ್ರಗಳನ್ನು ತೋರಿಸಿ ಹಣಕ್ಕಾಗಿ ಬೆದರಿಸಿದಾಗ, ಹೆಸರು ಬೀದಿಗೆ ಬರುವುದು ಖಚಿತವಿದ್ದರೂ ಅವರು ಪೊಲೀಸರ ಬಳಿ ಹೋದರು. 2009ರಲ್ಲಿ ಮ್ಯೂನಿಕ್ ನ್ಯಾಯಾಲಯ ಆತನಿಗೆ ಆರು ವರ್ಷಗಳ ಸೆರೆ ವಿಧಿಸಿತು. ಈ ಪ್ರಸಂಗವನ್ನು ಪ್ರಣಯದ ಹಗರಣವಾಗಿ ಬರೆದವರೇ ಹೆಚ್ಚು. ಮೌನವೇ ರಕ್ಷಣೆಯೆಂದು ಕಲಿತು ಬೆಳೆದ ಹೆಣ್ಣೊಬ್ಬಳು ಆ ರಕ್ಷಣೆಯನ್ನು ತಾನೇ ಕಳಚಿಟ್ಟ ನಿರ್ಧಾರವಾಗಿ ಅದನ್ನು ಬರೆಯಬೇಕಿತ್ತು.

ಅದೇ ಮನೆತನದ ಹಿರಿಯ ಗುಂಟರ್ ಕ್ವಾಂಟ್ ಅವರ ಕಾರ್ಖಾನೆಗಳು ನಾಜಿ ಆಡಳಿತದಲ್ಲಿ ಬಲವಂತದ ದುಡಿಮೆಯಿಂದ ಲಾಭ ಪಡೆದಿದ್ದವು. ಜರ್ಮನಿಯ ದೂರದರ್ಶನದಲ್ಲಿ 2007ರಲ್ಲಿ ಪ್ರಸಾರವಾದ ಸಾಕ್ಷ್ಯಚಿತ್ರವೊಂದು ಇದನ್ನು ಎತ್ತಿದ ಮೇಲೆ ಕುಟುಂಬ ಇತಿಹಾಸಕಾರ ಯೋಆಖಿಮ್ ಶೋಲ್ಟಿಸೆಕ್ ಅವರಿಗೆ ದಾಖಲೆಗಳನ್ನು ತೆರೆದುಕೊಟ್ಟಿತು, 2011ರಲ್ಲಿ ಸಾವಿರಕ್ಕೂ ಹೆಚ್ಚು ಪುಟಗಳ ಅಧ್ಯಯನ ಪ್ರಕಟವಾಯಿತು. ವಾರಸುದಾರಳ ಚರಿತ್ರೆಯಲ್ಲಿ ಹಣದ ಮೂಲಕ್ಕೆ ಒಂದು ಅಧ್ಯಾಯ ಇರಲೇಬೇಕು. ಅಜ್ಜನ ಅಪರಾಧವನ್ನು ಮೊಮ್ಮಗಳ ತಲೆಗೆ ಕಟ್ಟಬಾರದು, ಆದರೆ ತಿಳಿದ ಮೇಲೆ ಆಕೆ ಏನು ಮಾಡಿದಳು ಎಂದು ಕೇಳುವ ಹಕ್ಕು ಓದುಗರಿಗಿದೆ. ಕುಟುಂಬವೇ ಬರೆಸಿದ ಇತಿಹಾಸವಾದರೆ, ಲೇಖಕರಿಗೆ ಯಾವ ಕಡತಗಳು ಸಿಕ್ಕವು, ಹಸ್ತಪ್ರತಿಯನ್ನು ತಿದ್ದುವ ಅಧಿಕಾರ ಯಾರಿಗಿತ್ತು ಎಂದು ಮುನ್ನುಡಿಯಲ್ಲಿ ಹುಡುಕಿ.

ತಾನಾಗಿ ಮಾತಾಡುವ ವಾರಸುದಾರರು ಅಪರೂಪ. ರಸಾಯನೋದ್ಯಮದ ಬಿಎಎಸ್‌ಎಫ್ ಕಂಪನಿಯನ್ನು ಸ್ಥಾಪಿಸಿದವರ ವಂಶದಲ್ಲಿ ಹುಟ್ಟಿದ ಆಸ್ಟ್ರಿಯಾದ ಮಾರ್ಲೀನ್ ಎಂಗೆಲ್‌ಹಾರ್ನ್ ಅಜ್ಜಿಯಿಂದ ಬಂದ ಸಂಪತ್ತಿನಲ್ಲಿ 2.5 ಕೋಟಿ ಯೂರೋಗಳನ್ನು ಹೇಗೆ ಹಂಚಬೇಕೆಂದು ನಿರ್ಧರಿಸಲು 2024ರಲ್ಲಿ 50 ಮಂದಿ ಸಾಮಾನ್ಯ ನಾಗರಿಕರ ಮಂಡಳಿಯನ್ನು ಕರೆದರು. ಆ ಹಣ 77 ಸಂಸ್ಥೆಗಳಿಗೆ ಹೋಯಿತು. ಆಸ್ಟ್ರಿಯಾ 2008ರಲ್ಲೇ ಪಿತ್ರಾರ್ಜಿತ ತೆರಿಗೆಯನ್ನು ಕೈಬಿಟ್ಟದ್ದನ್ನು ಅವರು ಬಹಿರಂಗವಾಗಿ ಟೀಕಿಸುತ್ತಾ ಬಂದಿದ್ದಾರೆ. ಇಂಥವರ ಸಂದರ್ಶನಗಳನ್ನು ನಿಮ್ಮ ವಾರಸುದಾರಳ ಚರಿತ್ರೆಗಾಗಿಯೂ ಓದಿ: ಒಳಗೆ ಹಣದ ಮಾತು ಯಾವಾಗ ಬರುತ್ತದೆ, ಯಾರು ಎತ್ತುತ್ತಾರೆ, ಮಕ್ಕಳಿಗೆ ಏನು ಹೇಳುತ್ತಾರೆ ಎಂಬುದನ್ನು ತಿಳಿದರೆ ಕೇಳಬೇಕಾದ ಪ್ರಶ್ನೆಗಳು ಹೊಳೆಯುತ್ತವೆ.

ಮಾತಾಡಿಸುವುದು ಮತ್ತು ಬರೆಯುವುದು

ಕುಟುಂಬದ ಕಚೇರಿಗೆ ಆರಂಭದಲ್ಲೇ ಪತ್ರ ಬರೆದು, ಏನು ಬರೆಯುತ್ತಿದ್ದೀರಿ ಎಂದು ಮುಚ್ಚುಮರೆಯಿಲ್ಲದೆ ತಿಳಿಸಿ. ಉತ್ತರ ಬಾರದಿರಬಹುದು, ಆದರೂ ಬರೆದ ಪತ್ರ ಮುಂದೆ ನಿಮ್ಮ ಪ್ರಾಮಾಣಿಕತೆಯ ದಾಖಲೆಯಾಗಿ ಉಳಿಯುತ್ತದೆ. ಹಳೆಯ ಕಾರ್ಯದರ್ಶಿ, ದಾದಿ, ಚಾಲಕರನ್ನು ಮಾತಾಡಿಸುವ ಮುನ್ನ ಅವರು ಗೋಪ್ಯತೆಯ ಕರಾರಿಗೆ ಸಹಿ ಹಾಕಿದ್ದಾರೆಯೇ ಎಂದು ಮೊದಲು ಕೇಳಿ. ಕರಾರು ಮುರಿದರೆ ದಂಡ ತೆರುವವರು ಅವರು, ನೀವಲ್ಲ. ಬಾಯಿಮಾತಿನ ಸಂಗತಿಯನ್ನು ಇನ್ನೊಂದು ಸ್ವತಂತ್ರ ಆಧಾರ ಸಿಗದ ಹೊರತು ಪುಸ್ತಕಕ್ಕೆ ತರಬೇಡಿ.

ಬರೆಯುವಾಗ ಪ್ರತಿ ಅಧ್ಯಾಯದ ಕರಡನ್ನು ಮುಗಿಸಿ ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ. ಆಕೆಗೆ ಕೊಡಲಾಯಿತು, ಆಕೆಯನ್ನು ಕಳುಹಿಸಲಾಯಿತು, ಆಕೆಯ ಮದುವೆ ಮಾಡಲಾಯಿತು ಎಂಬ ವಾಕ್ಯಗಳೇ ತುಂಬಿದ್ದರೆ, ಅದು ಆಕೆಯ ಬದುಕಿನ ಸ್ಥಿತಿಯೋ ನಿಮ್ಮ ಆಕರಗಳ ಕೊರತೆಯೋ ಎಂದು ನಿಂತು ಯೋಚಿಸಿ, ಕೊರತೆಯಾದರೆ ಮತ್ತೆ ಕಡತಕ್ಕೆ ಹೋಗಿ. ಸಿಗದ ಮನಸ್ಸಿನ ಮಾತನ್ನು ಕಲ್ಪಿಸಿ ತುಂಬಿಸಬೇಡಿ. ಸ್ವಭಾವದ ಬಗ್ಗೆ ಬರೆಯುವ ಪ್ರತಿ ವಿಶೇಷಣಕ್ಕೂ ಆಕೆ ಮಾಡಿದ ಒಂದು ಕೆಲಸವನ್ನಾದರೂ ಆಧಾರವಾಗಿ ತೋರಿಸುವಂತಿರಬೇಕು.

ಅಚ್ಚಿಗೆ ಕೊಡುವ ಮುನ್ನ ಅಪ್ರಾಪ್ತ ಮಕ್ಕಳ ಹೆಸರು, ಈಗ ವಾಸವಿರುವ ಮನೆಯ ವಿಳಾಸ, ಕಾವಲಿನ ವ್ಯವಸ್ಥೆ, ಓಡಾಟದ ವೇಳೆ ಇವನ್ನೆಲ್ಲ ತೆಗೆದುಹಾಕಿ. ಮಾನನಷ್ಟದ ಕಾನೂನು ಬಲ್ಲ ವಕೀಲರಿಗೆ ಹಸ್ತಪ್ರತಿಯನ್ನೂ ಪ್ರತಿ ಹೇಳಿಕೆಯ ಆಧಾರಪಟ್ಟಿಯನ್ನೂ ಒಟ್ಟಿಗೆ ಕೊಡಿ. ಆಕೆ ಬದುಕಿದ್ದರೆ ಆಕೆಯ ಬಗ್ಗೆ ಆರೋಪವಿರುವ ಭಾಗಗಳನ್ನು ಸಾಕಷ್ಟು ಸಮಯವಿಟ್ಟು ಕಳುಹಿಸಿ, ಬಂದ ಉತ್ತರವನ್ನು ಕತ್ತರಿಸದೆ ಆಯಾ ಪುಟದಲ್ಲೇ ಸೇರಿಸಿ. ಮುಚ್ಚಿದ ಪೆಟ್ಟಿಗೆಗಳು, ನ್ಯಾಯಾಲಯ ಮೊಹರು ಮಾಡಿದ ಕಡತಗಳು, ಮುಂದೆ ಬಿಡುಗಡೆಯಾಗಲಿರುವ ಗಣತಿಯ ಹಾಳೆಗಳು ಯಾವ ವರ್ಷ ತೆರೆಯುತ್ತವೆ ಎಂಬ ಪಟ್ಟಿಯನ್ನು ಪುಸ್ತಕದ ಕೊನೆಯಲ್ಲಿ ಅಚ್ಚುಮಾಡಿ, ಆಕೆಯ ಬದುಕನ್ನು ಮತ್ತೆ ಬರೆಯಲು ಬರುವವರಿಗೆ ಅದರಿಂದ ಕೆಲಸ ಆರಂಭಿಸಲು ಅನುಕೂಲವಾಗುತ್ತದೆ.